ಪಟ್ಟಾದ ಗಾಡಿಯ ಇಂದುಬಾಯಿ

ಕೋಳಿ ಕೂಗುವ ಮೊದಲೇ ಎದ್ದು ಅಂಗಳಕ್ಕೆ ನೀರು ಚಿಮುಕಿಸಿ ಕಸ ಹೊಡೆಯುವುದು. ಮಾವನ ಜಳಕಕ್ಕೆ ಹಂಡೆಯ ಕೆಳಗೆ ತೊಗರಿಕಟ್ಟಿಗೆ ಒಟ್ಟಿ ಬೆಂಕಿ ಹಚ್ಚುವುದು. ನೀರು ಕಾಯುವಷ್ಟರಲ್ಲಿ ಎಮ್ಮೆಯ ಸಗಣಿ ಬಳಿದು ತಿಪ್ಪೆಗೆ ಹಾಕಿ, ಹಿಂಡಿ ನೆನೆಸಿಟ್ಟು, ಹಾಲು ಹಿಂಡಿಕೊಂಡು ಬರುವುದು. ಮಾವನಿಗೆ ಬೆಲ್ಲದ ಚಹಾ, ಗಂಡನಿಗೆ ಸಕ್ಕರೆಯ ಚಹಾ. ಇಬ್ಬರೂ ಒಂದೇ ಹೊತ್ತಿಗೆ ಏಳುವವರಲ್ಲ, ಹಾಗಾಗಿ ಒಲೆ ಎರಡು ಸಲ ಊದಬೇಕು. ಆಮೇಲೆ ರೊಟ್ಟಿ. ಅತ್ತೆಗೆ ಹಲ್ಲಿಲ್ಲ, ಅವಳದು ಮೆತ್ತಗಿರಬೇಕು. ಗಂಡನ ಬುತ್ತಿಯದು ಸಂಜೆಯತನಕ ಒಣಗಬಾರದು. ತನಗೆ ನಿನ್ನಿನದು ನಡೆಯುತ್ತದೆ. ಇಷ್ಟಾದ ಮೇಲೆ ಕೈಯಲ್ಲಿ ಬ್ಯಾಟರಿ ದೀಪ ಹಿಡಿದು ತಾಂಬಾ ಊರ ಹೊರಗಿನ ಬಯಲಿಗೆ ನಡೆದು, ಅಲ್ಲಿ ನಿಂತ ಗಾಡಿಯ ಸುತ್ತ ತಿರುಗಿ, ರೋಲರುಗಳ ಸಂದಿಯಲ್ಲಿ ಸಿಕ್ಕಿಕೊಂಡ ಕಲ್ಲು ಹೆಕ್ಕಿ, ಸರಪಳಿ ಸಡಿಲಾಗಿದೆಯೇ ಎಂದು ನೋಡಿ, ಗ್ರೀಸು ಹಚ್ಚುವುದು.

ಇಂದುಬಾಯಿಯ ಮನೆಯವರ ಲೆಕ್ಕದಲ್ಲಿ ಇದರಲ್ಲಿ ಕೆಲಸ ಎಂಬುದು ಕೊನೆಯದೊಂದೇ. ಉಳಿದದ್ದೆಲ್ಲ ಬೆಳಗಾಗುವುದು.

ಸಿಂದಗಿಯಿಂದ ಇಂಡಿ ಪಟ್ಟಣದ ಕಡೆಗೆ ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದ ವರ್ಷ ಅದು, ಎರಡು ಸಾವಿರದ ಮೂರನೆಯ ಇಸವಿ. ಗುತ್ತಿಗೆದಾರ ಎಲ್ಲಿಂದಲೋ ಒಂದು ಹಳೆಯ ಟ್ರೇಲರ್ ಕೊಂಡು ತಂದಿದ್ದ. ಟಿಪ್ಪರಿನಂತೆ ಅದು ಬೆನ್ನೆತ್ತಿ ಜಲ್ಲಿಕಲ್ಲಿನ ಖಡಿ ಸುರಿಯುತ್ತಿರಲಿಲ್ಲ. ಅದರ ತಳದಲ್ಲಿ ಉದ್ದಕ್ಕೂ ರೋಲರುಗಳ ಮೇಲೆ ಅಗಲವಾದ ರಬ್ಬರಿನ ಪಟ್ಟಾ. ಪಟ್ಟಾ ತಿರುಗಿದರೆ ಮೇಲಿನ ಖಡಿ ಹಿಂದಕ್ಕೆ ಸರಿಯುತ್ತಾ ಬಂದು, ಹಿಂಬಾಗಿಲಿನಿಂದ ರಸ್ತೆಯ ಮೇಲೆ ಸಮನಾಗಿ ಬೀಳುತ್ತಿತ್ತು. ಮುಂದೆ ಡ್ರೈವರ್ ಗಾಡಿಯನ್ನು ಆಮೆಯ ಹೆಜ್ಜೆಯಲ್ಲಿ ಒಯ್ಯಬೇಕು, ಹಿಂದೆ ಒಬ್ಬರು ಹಿಡಿಕೆ ಹಿಡಿದು ಪಟ್ಟಾ ನಡೆಸಬೇಕು. ಇಬ್ಬರ ಮನಸ್ಸೂ ಒಂದಾಗಿದ್ದರೆ ಖಡಿ ಚಾಪೆ ಹಾಸಿದಂತೆ ಬೀಳುತ್ತದೆ. ಇಲ್ಲದಿದ್ದರೆ ಒಂದು ಕಡೆ ಗುಡ್ಡ, ಒಂದು ಕಡೆ ಕುಣಿ.

ಡ್ರೈವರ್ ಮಲಿಕಸಾಬ ಸಿಂದಗಿಯವನು, ಐವತ್ತು ದಾಟಿದವನು, ಬಾಯಲ್ಲಿ ಎಲೆ ಅಡಿಕೆ, ಕಣ್ಣು ಸದಾ ಹಿಂದಿನದನ್ನು ತೋರಿಸುವ ಕನ್ನಡಿಯಲ್ಲಿ. ಇಂದುಬಾಯಿ ಆಗ ಹಿಂದೆ ಸಲಿಕೆ ಹಿಡಿದು ಖಡಿ ಹರಡುವ ಹೆಂಗಸರಲ್ಲಿ ಒಬ್ಬಳು. ಹಿಡಿಕೆ ಹಿಡಿಯುವ ಗಂಡಾಳು ಬೀಡಿ ಸೇದಲು ಹೋದಾಗಲೆಲ್ಲ ಗಾಡಿ ನಿಲ್ಲುತ್ತಿತ್ತು. ಗಾಡಿ ನಿಂತರೆ ಆಳುಗಳ ಮೇಲಿನ ಮುಕಾದಮ ಹೆಂಗಸರನ್ನು ಬೈಯುತ್ತಿದ್ದ, ಕುಂತೀರಿ ಅಂತ. ಒಂದು ದಿನ ಆ ಆಳು ಊಟಕ್ಕೆಂದು ಹೋದವನು ಬರಲೇ ಇಲ್ಲ.

"ಅಣ್ಣಾ, ಆ ಹಿಡಿಕಿ ಹಿಡಿಯಾಕ ಏನೇನ್ ಬರಬೇಕು?" ಎಂದು ಇಂದುಬಾಯಿ ಕೇಳಿದಳು.

ಮಲಿಕಸಾಬ ಎಲೆ ಉಗುಳಿ ನೋಡಿದ. "ರೊಟ್ಟಿ ಬಡಿಯಾಕ ಬರ್ತೈತೇನು?"

"ಬರ್ತೈತಿ."

"ಹಂಗಾರ ಇದೂ ಬರ್ತೈತಿ. ಕೈಯಾಗ ಅವಸರ ಇರಬಾರ್ದು, ಅಷ್ಟ."

ಅಷ್ಟೇ ಇರಲಿಲ್ಲ. ಹಿಡಿಕೆ ಹಿಡಿದ ಮೊದಲ ವಾರದಲ್ಲೇ ಅವಳು ಹಿಂಬಾಗಿಲು ತೆರೆಯುವ ಮೊದಲು ಪಟ್ಟಾ ತಿರುಗಿಸಿದಳು. ಖಡಿಯೆಲ್ಲ ಬಾಗಿಲಿಗೆ ಒತ್ತಿ ಕೀಲು ಮುರಿಯಿತು. ಮಲಿಕಸಾಬ ಹಣೆ ಬಡಿದುಕೊಂಡ, ಅವಳ ಅಪ್ಪನಿಂದ ಹಿಡಿದು ಅಜ್ಜನವರೆಗೆ ಬೈದ, ಆಮೇಲೆ ಕುಳಿತು ಕಲಿಸಿದ. ಮೊದಲು ಬಾಗಿಲು, ಆಮೇಲೆ ಪಟ್ಟಾ. ಪಟ್ಟಾ ಮೊದಲು ನಿಧಾನ, ಆಮೇಲೆ ಜೋರು. ಹಿಂದೆ ಯಾರೂ ನಿಂತಿಲ್ಲ ಎಂದು ಕಣ್ಣಿಂದ ನೋಡಿದ ಮೇಲೆಯೇ ಕೈ ಎತ್ತಿ ತೋರಿಸುವುದು. ಕೈ ಕಾಣದೆ ಅವನು ಗಾಡಿ ಬಿಡುವುದಿಲ್ಲ. ಕಲ್ಲು ಸಿಕ್ಕಿದರೆ ಕೈ ಹಾಕಬಾರದು. ಕೈ ಹಾಕಲೇಬೇಕಾದರೆ ಮೊದಲು ಇಂಜಿನ್ ಬಂದ್, ಚಾವಿ ತೆಗೆದು ಕೈ ಹಾಕುವವರ ಟೊಂಕದಲ್ಲಿ.

"ನನ್ನ ಟೊಂಕದಾಗ?" ಎಂದಳು ಅವಳು.

"ಮತ್ತ? ಕೈ ಯಾರದು? ನಿಂದು. ಚಾವಿನೂ ನಿಂದ."

ಮದುವೆಯಾಗಿ ಹನ್ನೊಂದು ವರ್ಷ. ಮನೆಯ ಕಾಳಿನ ಕೋಣೆಯ ಚಾವಿ ಅತ್ತೆಯ ಟೊಂಕ ಬಿಟ್ಟು ಇಳಿದದ್ದಿರಲಿಲ್ಲ. ಅಂದು ಮೊದಲ ಸಲ ಅವಳ ಟೊಂಕದಲ್ಲಿ ಒಂದು ಚಾವಿ ಕೂತಿತು, ಅದೂ ಇಡೀ ಒಂದು ಟ್ರೇಲರಿನದು. ಪಟ್ಟಾದ ಕೆಳಗೆ ಬಾಗಿ ಕಲ್ಲು ಕೀಳುವಾಗ ಅದು ಹೊಟ್ಟೆಗೆ ಚುಚ್ಚುತ್ತಿತ್ತು. ಅವಳು ಅದನ್ನು ಆಚೀಚೆ ಸರಿಸಲಿಲ್ಲ.

ಎರಡು ತಿಂಗಳಲ್ಲಿ ಅವಳ ಕೈ ಪಳಗಿತು. ಖಡಿ ಬೀಳುವ ಸದ್ದು ಬದಲಾದರೆ ಸಾಕು, ಒಳಗೆ ಒಂದು ಮಗ್ಗುಲು ಖಾಲಿಯಾಗುತ್ತಿದೆ ಎಂದು ತಿಳಿಯುತ್ತಿತ್ತು. ಅವಳ ಹಿಂದೆ ಸಲಿಕೆ ಹಿಡಿದವರ ಕೆಲಸ ಅರ್ಧವಾಯಿತು. ಖಡಿ ತಾನೇ ಹರಡಿ ಬೀಳುವಾಗ ಅವರು ಅಂಚು ತಿದ್ದಿದರೆ ಸಾಕಿತ್ತು. "ನಮ್ಮ ಸೊಂಟ ಉಳಿಸಿದಿ ಯವ್ವಾ," ಎಂದು ಹೆಂಗಸರು ಬುತ್ತಿಯ ಚಟ್ನಿ ಅವಳ ಮುಂದೆ ತಂದಿಡುತ್ತಿದ್ದರು. ಮುಕಾದಮನಿಗೆ ಮಾತ್ರ ಸಮಾಧಾನವಿರಲಿಲ್ಲ. ಅವನ ತಂಗಿಯ ಮಗ ಒಬ್ಬ ಸಿಂದಗಿಯಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದ. "ನೀ ಒಂದ ದಿನ ತಪ್ಪಿಸು, ಅಂವ ಬಂದು ಕುಂಡರ್ತಾನ. ಆಮ್ಯಾಲ ಕೇಳಾಕ ಬರಬ್ಯಾಡ," ಎಂದು ನಗುತ್ತಲೇ ಹೇಳುತ್ತಿದ್ದ. ಇಂದುಬಾಯಿ ಜ್ವರ ಬಂದರೂ ತಪ್ಪಿಸಲಿಲ್ಲ.

ಆಮೇಲೆ ಸೀತವ್ವನ ಸಂಗತಿ ನಡೆಯಿತು.

ಸೀತವ್ವ ದೇವಣಗಾಂವದ ಸೊಸೆ, ಇಂದುಬಾಯಿಯ ಜೋಡಿ ದುಡಿಯುವವಳು. ಸೆರಗನ್ನು ಟೊಂಕಕ್ಕೆ ಸಿಕ್ಕಿಸಿ, ಹಿಂಬಾಗಿಲ ಹತ್ತಿರ ಅಂಚಿನ ಖಡಿ ಎಳೆಯುತ್ತಿದ್ದಳು. ಆ ಹೊತ್ತಿಗೆ ಅವಳ ಭಾವ, ಗಂಡನ ಅಣ್ಣ, ಸೈಕಲ್ ತುಳಿಯುತ್ತಾ ಅದೇ ದಾರಿಯಲ್ಲಿ ಬಂದ. ಭಾವನ ಮುಂದೆ ಬರಿದಲೆಯಲ್ಲಿ ನಿಲ್ಲುವುದುಂಟೇ? ಸೀತವ್ವನ ಕೈ ಅವಳನ್ನು ಕೇಳದೆಯೇ ಸೆರಗು ಕಿತ್ತು ತಲೆಯ ಮೇಲೆ ಎಳೆಯಿತು. ಸೆರಗಿನ ತುದಿ ಗಾಳಿಗೆ ಹಾರಿ ರೋಲರಿಗೆ ಸಿಕ್ಕಿತು. ಇಂದುಬಾಯಿ ಹಿಡಿಕೆ ಎಳೆದು ನಿಲ್ಲಿಸುವಷ್ಟರಲ್ಲಿ ಸೀರೆ ಅರ್ಧ ಒಳಗೆ ಹೋಗಿತ್ತು, ಸೀತವ್ವನ ತೋಳಿನ ಚರ್ಮ ಮೊಣಕೈಯತನಕ ಸುಲಿದಿತ್ತು. ಎಲುಬು ಉಳಿಯಿತು. ಭಾವ ಸೈಕಲ್ ನಿಲ್ಲಿಸಿ, ಮುಖ ಆಚೆ ತಿರುಗಿಸಿ ನಿಂತಿದ್ದ, ತಮ್ಮನ ಹೆಂಡತಿಯ ಮೈಮೇಲೆ ಸೀರೆ ಇಲ್ಲವಲ್ಲ ಎಂದು.

ಮರುದಿನದಿಂದ ಇಂದುಬಾಯಿ ತಾನೇ ಒಂದು ಕಟ್ಟಳೆ ಮಾಡಿದಳು. ಗಾಡಿಯ ಹತ್ತಿರ ಬರುವ ಹೆಂಗಸು ಸೆರಗನ್ನು ಟೊಂಕಕ್ಕೆ ಬರೀ ಸಿಕ್ಕಿಸಿದರೆ ಸಾಲದು, ಗಂಟು ಹಾಕಬೇಕು, ಒಂದೇ ಕೈಯಿಂದ ಬಿಚ್ಚಲು ಬರದಂಥ ಗಂಟು. ತಲೆಗೆ ಬಿಸಿಲಾದರೆ ಟಾವೆಲ್ ಸುತ್ತಿಕೊಳ್ಳಬೇಕು. "ಯಾರರ ಬರ್ಲಿ, ಮಾವ ಬರ್ಲಿ, ಭಾವ ಬರ್ಲಿ, ಬಿಚ್ಚಬ್ಯಾಡ್ರಿ. ಬಿಚ್ಚಬೇಕು ಅನಿಸಿದ್ರ ಮೊದಲ ಗಾಡಿ ಬಿಟ್ಟು ದೂರ ಹೋಗ್ರಿ."

ಹೆಂಗಸರು ನಕ್ಕರು, ಆದರೆ ಗಂಟು ಹಾಕಿಕೊಂಡರು. ಅವಳೂ ಹಾಕಿಕೊಂಡಳು. ಸಿಂದಗಿಯ ಕಡೆಯ ದಾರಿಯಲ್ಲಿ ಅವಳನ್ನು ಗುರುತು ಹಿಡಿಯುವವರಾದರೂ ಯಾರಿದ್ದರು!

ಆದರೆ ರಸ್ತೆ ಒಂದೇ ಕಡೆ ನಿಲ್ಲುವಂಥದಲ್ಲ. ದಿನದಿನವೂ ಮುಂದೆ ಸರಿಯುತ್ತಾ ತಾಂಬಾದ ಹತ್ತಿರ ಬಂತು, ಊರೊಳಗೆ ಬಂತು. ನಾಳೆ ಅವಳ ಓಣಿಯ ಬಾಯಿಗೆ, ಹಿರಿಯರು ಕೂಡುವ ಕಟ್ಟೆಯ ಮುಂದೆ ಖಡಿ ಬೀಳಬೇಕು. ಅಲ್ಲಿ ಕರೆಂಟಿನ ತಂತಿ ಕೆಳಗೆ ಜೋತುಬಿದ್ದಿತ್ತು. ಬೆನ್ನೆತ್ತುವ ಟಿಪ್ಪರ್ ಅಲ್ಲಿ ನಡೆಯದು. ಪಟ್ಟಾದ ಗಾಡಿಯೇ ಬೇಕು.

ಮಾವ ಗುರಪ್ಪ ಸೊಸೆಯ ಜೋಡಿ ನೇರ ಮಾತಾಡುವವನಲ್ಲ, ಸೊಸೆಯೂ ಅವನ ಎದುರು ಬಾಯಿ ತೆರೆಯುವವಳಲ್ಲ. ಅಂದು ಸಂಜೆ ಊಟಕ್ಕೆ ಕೂತು ಅವನು ಪಡಸಾಲೆಯ ಕಂಬಕ್ಕೆ ಹೇಳಿದ: "ನಾಳಿ ರೋಡು ನಮ್ಮ ಕಟ್ಟಿ ಮುಂದ ಬರ್ತೈತಂತ. ನಮ್ಮನಿ ಸೊಸಿ ಗಂಡಸರಂಗ ತೆಲಿಗೆ ಟಾವೆಲ್ ಸುತ್ತಿ ನಿಂದ್ರೂದನ್ನ ನಾ ಕುಂತು ನೋಡಬೇಕೇನು?"

ಗಂಡ ಶಂಕ್ರೆಪ್ಪ ಇಂಡಿ ಪೇಟೆಯ ಕಾಳಿನ ಅಡತಿ ಅಂಗಡಿಯಲ್ಲಿ ತೂಕದ ಕೆಲಸಕ್ಕಿದ್ದವನು, ಎರಡೂ ತಟ್ಟೆ ಸಮ ಇರಲಿ ಎನ್ನುವ ಮನುಷ್ಯ. "ಅಪ್ಪಾ, ಆಕಿ ಏನ್ ಕುಣಿಯಾಕ ಹೋಗ್ಯಾಳೇನು? ಖಡಿ ಸುರೀತಾಳ," ಎಂದ. ಆಮೇಲೆ ಒಲೆಯ ಮುಂದೆ ಬಂದು ದನಿ ತಗ್ಗಿಸಿದ. "ಒಂದ ದಿನದ ಮಾತು. ತೆಲಿ ಮ್ಯಾಲ ಸೆರಗು ಹಾಕ್ಕೊ. ಕಟ್ಟಿ ದಾಟಿದ ಮ್ಯಾಲ ನಿನಗ ಬೇಕಾದಂಗ ಇರು."

"ಸೀತವ್ವನ ತೋಳು ನೋಡಿಲ್ಲೇನು?"

"ಆಕಿ ಎಚ್ಚರ ತಪ್ಪಿದ್ಳು."

"ಇಲ್ಲ. ಆಕಿ ಎಚ್ಚರಾಗೇ ಇದ್ಳು. ಭಾವ ಬಂದದ್ದು ಆಕಿಗೆ ಕಂಡಿತ್ತಲ್ಲ."

ಶಂಕ್ರೆಪ್ಪ ಒಲೆಯ ಕಟ್ಟಿಗೆ ಒಳಗೆ ಸರಿಸಿದ. "ಹಂಗಾರ ನಾಳಿ ಒಂದ ದಿನ ಸೂಟಿ ಹಾಕು."

"ಹಾಕಿದ್ರ ನಾಡದು ಹಿಡಿಕಿ ಮುಕಾದಮನ ತಂಗಿ ಮಗನ ಕೈಯಾಗ ಇರ್ತೈತಿ."

ಅವನು ಒಲೆಯ ಮುಂದಿನಿಂದ ಸರಿದ. ತಂಬಿಗೆ ನೀರು ಕೇಳಿದ, ಅವಳು ಕೊಟ್ಟಳು, ಕುಡಿದು ಮಲಗಲು ಹೋದ. ಅವಳು ತಿಕ್ಕಬೇಕಾದ ಪಾತ್ರೆಗಳು ಇನ್ನೂ ಹಾಗೇ ಇದ್ದವು.

ಮರುದಿನ ಬಿಸಿಲೇರುವ ಹೊತ್ತಿಗೆ ಗಾಡಿ ಕಟ್ಟೆಯ ಮುಂದೆ ಬಂದು ನಿಂತಿತು. ಇಂದುಬಾಯಿ ಸೆರಗು ಗಂಟು ಹಾಕಿ, ತಲೆಗೆ ಟಾವೆಲ್ ಸುತ್ತಿ, ಕಟ್ಟೆಗೆ ಬೆನ್ನು ಮಾಡಿ ಹಿಡಿಕೆಯ ಹತ್ತಿರ ನಿಂತಳು. ಕಟ್ಟೆಯ ಮೇಲೆ ಹಿರಿಯರು ತಂಬಾಕು ತಿಕ್ಕುತ್ತಿದ್ದರು.

"ಗುರಪ್ಪಾ, ಈ ಗಂಡಾಳು ಯಾವೂರಾಂವೋ?" ಎಂದ ಒಬ್ಬ. ಉಳಿದವರು ಕೆಮ್ಮಿದ ಹಾಗೆ ನಕ್ಕರು.

ಗುರಪ್ಪ ಎದ್ದ. ಧೋತರದ ಚುಂಗು ಹಿಡಿದುಕೊಂಡು ಇಳಿದು ಬಂದ. ನೇರ ಗಾಡಿಯ ಹಿಂದಕ್ಕೆ, ಖಡಿ ಬೀಳುವ ಜಾಗಕ್ಕೇ ಬಂದು ನಿಂತ. ಸೊಸೆಯ ಮುಖ ನೋಡಲಿಲ್ಲ, ಹಿಂಬಾಗಿಲಿಗೆ ಹೇಳಿದ. "ಸೆರಗು ಹೊಚ್ಚಿಕೊಳ್ಳೋತನಾ ನಾ ಇಲ್ಲಿಂದ ಸರಿಯೂದಿಲ್ಲ."

ಇಂಜಿನ್ ಗುರುಗುಡುತ್ತಿತ್ತು. ಮುಂದೆ ಮಲಿಕಸಾಬ ಕನ್ನಡಿಯಲ್ಲಿ ಅವಳ ಕೈಗಾಗಿ ಕಾಯುತ್ತಿದ್ದ. ಹಿಂದಿನಿಂದ ಬಂದ ಬಸ್ಸು ಹಾರ್ನು ಹೊಡೆಯಿತು. ಮುಕಾದಮ ದೂರದಿಂದಲೇ ಕೂಗಿದ, "ಏನ್ ನಡಿಸೀರಿ ಅಲ್ಲಿ? ಆಗೂದಿಲ್ಲಂದ್ರ ಹೇಳು, ಹುಡುಗನ್ನ ಕರಸ್ತೇನಿ!"

ಸೀತವ್ವ, ತೋಳಿನ ಗಾಯ ಇನ್ನೂ ಪೂರಾ ಮಾಯದವಳು, ಸಲಿಕೆ ಊರಿ ಹತ್ತಿರ ಬಂದಳು. "ಅಕ್ಕಾ, ಒಂದ ಗಳಿಗಿ ಹೊಚ್ಚಿಕೊ. ಮುದುಕ ಸರೀತಾನ. ಸರಿದ ಮ್ಯಾಲ ಮತ್ತ ಗಂಟು ಹಾಕ್ಕೊ. ಯಾರಿಗೆ ಗೊತ್ತಾಗ್ತೈತಿ?"

ಮಾತು ಸುಳ್ಳಾಗಿರಲಿಲ್ಲ. ಒಂದು ಗಳಿಗೆಯ ಕೆಲಸ. ಪಟ್ಟಾ ಈಗ ನಿಂತೇ ಇದೆ, ಸೆರಗಿಗೆ ಭಯವಿಲ್ಲ. ಮಾವನ ಮಾನ ಉಳಿಯುತ್ತದೆ, ಹಿಡಿಕೆ ಉಳಿಯುತ್ತದೆ, ಇಂದು ರಾತ್ರಿ ಮನೆಯಲ್ಲಿ ಕಂಬದ ಜೋಡಿ ಮಾತು ಇರುವುದಿಲ್ಲ. ಇಂದುಬಾಯಿಯ ಕೈ ಟೊಂಕದ ಗಂಟಿನ ತನಕ ಹೋಯಿತು.

ಗಂಟು ಬಿಗಿಯಾಗಿತ್ತು. ಅದರ ಮೇಲೆ ಕೈಯಿಟ್ಟುಕೊಂಡು ಅವಳು ಹಿಂದೆ ನೋಡಿದಳು. ಸಲಿಕೆ ಹಿಡಿದ ಹೆಂಗಸರೆಲ್ಲ ಅವಳ ಕೈಯನ್ನೇ ನೋಡುತ್ತಿದ್ದರು. ಅವರಲ್ಲಿ ನಾಲ್ವರು ಇದೇ ಊರಿನ ಸೊಸೆಯರು. ಅವರ ಮಾವಂದಿರು ಕಟ್ಟೆಯ ಮೇಲಿದ್ದರು. ಇವಳು ಈಗ ಬಿಚ್ಚಿದರೆ ಮುಂದಿನ ಲೋಡಿಗೆ ಅವರೂ ಬಿಚ್ಚುತ್ತಾರೆ, ಅದರ ಮುಂದಿನದಕ್ಕೂ ಬಿಚ್ಚುತ್ತಾರೆ, ಮತ್ತು ಆಗ ಪಟ್ಟಾ ನಿಂತಿರುವುದಿಲ್ಲ.

ಅವಳು ಗಂಟಿನಿಂದ ಕೈ ತೆಗೆದಳು. ಆ ಕೈಯನ್ನು ಮೇಲೆತ್ತಿ ಅಡ್ಡಡ್ಡ ಬೀಸಿದಳು. ಕನ್ನಡಿಯಲ್ಲಿ ನೋಡಿದ ಮಲಿಕಸಾಬ ಇಂಜಿನ್ ಬಂದ್ ಮಾಡಿದ. ಕಟ್ಟೆಯ ಮೇಲೆ ತಂಬಾಕು ತಿಕ್ಕುವ ಸದ್ದೂ ನಿಂತಿತು.

ಅವಳು ಕಂಬಕ್ಕೆ ಹೇಳಲಿಲ್ಲ, ಹಿಂಬಾಗಿಲಿಗೂ ಹೇಳಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಮಾವನ ಮುಖ ನೋಡಿ, ಕಟ್ಟೆಯ ಕೊನೆಯಲ್ಲಿ ಕೂತವನಿಗೂ ಕೇಳುವ ಹಾಗೆ ಹೇಳಿದಳು.

"ಮಾವಾರ, ಹಿಂದಕ ಸರೀರಿ. ನೀವು ಸರಿಯೋತನಾ ಪಟ್ಟಾ ತಿರಗೂದಿಲ್ರಿ, ನಾನೂ ಸೆರಗು ಬಿಚ್ಚೂದಿಲ್ರಿ."