ಬೇಡವೆಂಬ ಪಕ್ಷಕ್ಕೆ ಕೂತವರು

ನಮ್ಮ ಇತಿಹಾಸದ ಮೇಷ್ಟ್ರ ಬಲಗಿವಿಯ ಮೇಲೆ ಒಂದು ಚಿಟಿಕೆ ನರೆಗೂದಲಿತ್ತು. ವಾದ ಬಿಸಿಯೇರಿದಂತೆ ಅದನ್ನು ಎಳೆಯುತ್ತಿದ್ದರು. ಪೀರಿಯಡ್ ಮುಗಿಯುವ ಹೊತ್ತಿಗೆ ಕಿವಿ ಕೆಂಪಗಾಗಿರುತ್ತಿತ್ತು. ಕುಂದಾಪುರದ ಕಾಲೇಜಿನಲ್ಲಿ ಅವರು ಅಮೆರಿಕದ ಚರಿತ್ರೆಯನ್ನೂ ತಾಳಮದ್ದಳೆಯ ಹಾಗೇ ಕಲಿಸುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು ಮಾತಿನಲ್ಲೇ ಗೆಲ್ಲಬೇಕು. ಪಾತ್ರದ ಪರವಾಗಿ ಆಡುವ ಆ ಮಾತಿಗೆ ಅರ್ಥ ಎನ್ನುತ್ತಾರೆ.

೧೯೯೯ರ ಮಳೆಗಾಲ. ಕಾರ್ಗಿಲ್ ಸುದ್ದಿಗೆ ಊರು ಕುದಿಯುತ್ತಿತ್ತು. ನಮ್ಮ ಪಾಠ ಮಾತ್ರ ೧೮೧೨ರಲ್ಲಿತ್ತು. ಅಮೆರಿಕದ ನಾವಿಕರನ್ನು ಬ್ರಿಟಿಷರು ನಡುಗಡಲಲ್ಲಿ ಎಳೆದೊಯ್ಯುತ್ತಿದ್ದಾರೆ; ಯುದ್ಧ ಹೂಡಬೇಕೇ, ಬೇಡವೇ? ಬೇಕು ಎನ್ನಲು ನಾನು ಎದ್ದೆ. ಬೇಡ ಎನ್ನಲು ಒಬ್ಬರೂ ಏಳಲಿಲ್ಲ. ಕೊನೆಗೆ ಮೇಷ್ಟ್ರೇ ಎದುರು ಬೆಂಚಿಗೆ ಬಂದು ಕೂತರು.

"ಕಾಣ್ ಮಾರಾಯ್ತಿ, ಜನ ಕಳ್ಕಂಡದ್ದ್ ಕಡಲ್ ಬದಿಯವ್ರ್. ಅವ್ರೇ ಯುದ್ಧ ಬ್ಯಾಡ ಅಂತ್ರ್. ಬೇಕೇ ಬೇಕ್ ಅಂಬವ್ರ್ ಕಡಲೇ ಕಾಣದ ಒಳನಾಡಿನವ್ರ್. ಇದೆಂತ ಕತೆ?"

ನಾನು ಮಾನ, ಮರ್ಯಾದೆ ಎಂದೆಲ್ಲ ಕೂಗಾಡಿ ಸೋತೆ.

ಸಂಜೆಯೊಳಗೆ ಆ ಮಾತು ಪೇಟೆಗೆ ಇಳಿಯಿತು. ದಾರಿಯಲ್ಲಿ ಅಮೆರಿಕ ಉದುರಿಹೋಗಿ, "ಮಾಷ್ಟ್ರ್ ಯುದ್ಧ ಬ್ಯಾಡ ಅಂದ್ರಂಬ್ರ್" ಎಂಬುದಷ್ಟೇ ಉಳಿದಿತ್ತು. ಹೋಟೆಲಿನಲ್ಲಿ ಅವರ ಮೇಜಿಗೆ ಯಾರೂ ಬರದಾದರು. ತಾಳಮದ್ದಳೆ ಕೂಟಗಳಲ್ಲಿ ಅರ್ಥ ಹೇಳಲು ಬರುತ್ತಿದ್ದ ಕರೆಯೂ ನಿಂತಿತು. ಕೌರವನ ಅರ್ಥ ಹೇಳಿದವನನ್ನು ಎಂದೂ ಕೌರವ ಎನ್ನದ ಊರು, ಇವರನ್ನು ದೇಶದ್ರೋಹಿ ಎಂದಿತು. ಅದು ಬರೀ ಅರ್ಥ, ಬೇರೆ ಯಾರೂ ಏಳದ್ದಕ್ಕೆ ಅವರು ಕೂತದ್ದು ಎಂದು ನಾನು ಹೇಳಬಹುದಿತ್ತು. ಹೆದರಿ ಬಾಯಿ ಮುಚ್ಚಿಕೊಂಡೆ. ಹೆಮ್ಮಾಡಿ ಬಸ್ಸಿಗೆ ಒಬ್ಬರೇ ಕಾಯುತ್ತಿದ್ದ ಅವರನ್ನು ಕಂಡರೆ ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದೆ. ಮದುವೆಯೂ ಆಗಿರದ ಅವರಿಗೆ ಮಾತೊಂದೇ ಬಳಗ. ಅದನ್ನೂ ನಾವು ಕಿತ್ತುಕೊಂಡೆವು.

ಹನ್ನೆರಡು ವರ್ಷದ ಮೇಲೆ, ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಮನೆಗೆ ಹೋದೆ. ಅಳುಕುತ್ತಲೇ ಕೇಳಿದೆ: "ಸರ್, ಕಾರ್ಗಿಲ್ ಹೊತ್ತಿಗೆ ನಿಮ್ ಸ್ವಂತ ಅಭಿಪ್ರಾಯ ಎಂತ ಇತ್ತ್?"

"ಹೋರಾಡ್ಕ್ ಅಂತ್ಲೇ ಇತ್ತ್ ಮಗಾ. ನಮ್ ಗುಡ್ಡ ಬಿಟ್ಟ್ ಕೊಡುಕಾತ್ತಾ?"

ಹಾಸಿಗೆಯ ಹತ್ತಿರ ಸರಿದೆ. "ಮತ್ತೆ ಎಂತಕ್ ಹೇಳ್ಲಿಲ್ಲೆ?"

"ಅರ್ಥಕ್ಕೆ ಕೂತವ ನಡುವಲ್ಲಿ ಪಕ್ಷ ಬಿಟ್ಟ್ ಏಳುಕಾಗ," ಎಂದರು. ನನ್ನತ್ತ ಹೊರಳಿ, "ಮತ್ತೆ, ಯಾರೂ ಕೇಂಡಿಲ್ಲೆ. ಕೇಂಡದ್ದ್ ನೀ ಒಬ್ಳೇ" ಎಂದರು.

ಮುಂದಿನ ತಿಂಗಳು ತೀರಿಕೊಂಡರು. 'ನೀ ಒಬ್ಳೇ' ಎನ್ನುವಾಗ ಅವರ ದನಿಯಲ್ಲಿ ಸಿಟ್ಟಿದ್ದರೆ ಹೇಗೋ ಸಹಿಸುತ್ತಿದ್ದೆ. ಅವರಿಗೆ ಖುಷಿಯಾಗಿತ್ತು.