ನಾಗರತ್ನಾ ಅಕ್ಕೋರು ಹೇಳಿದ ಪಾಠ

ನಾಗರತ್ನಾ ಹುಟ್ಟಿದ್ದು ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಅವಳು ತೊಟ್ಟಿಲಲ್ಲಿರುವಾಗಲೇ ಅಪ್ಪ ತೀರಿಕೊಂಡಿದ್ದ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬರುತ್ತಿದ್ದವನು ಅಣ್ಣ ಮಾಲಿಂಗಪ್ಪ. ಕುರಿಗಳ ಹಿಂದೆ ಓಡಾಡಿ ಗಟ್ಟಿಯಾದ ಕಾಲುಗಳು ಅವನವು. ಬೆಳಗಾವಿಯಲ್ಲಿ ಸೈನ್ಯದ ಭರ್ತಿ ನಡೆದಾಗ ಎಲ್ಲರಿಗಿಂತ ಮುಂದೆ ಓಡಿ ಸೇರಿಕೊಂಡ. ಆ ಮನೆತನದಲ್ಲಿ ತಿಂಗಳ ಪಗಾರ ತಂದವರಲ್ಲಿ ಅವನೇ ಮೊದಲಿಗ.

ಕಾರ್ಗಿಲ್ ಯುದ್ಧ ನಡೆದ ವರ್ಷ ಅವನ ದೇಹ ಧ್ವಜ ಹೊದ್ದು ಊರಿಗೆ ಬಂತು. ನಾಗರತ್ನಾಳಿಗೆ ಆಗ ಎಂಟು ವರ್ಷ. ಸುತ್ತಲಿನ ಊರುಗಳ ಶಾಲೆಯ ಮಕ್ಕಳನ್ನೆಲ್ಲ ಕರೆತಂದು ದಾರಿಯ ಎರಡೂ ಬದಿಗೆ ನಿಲ್ಲಿಸಿದ್ದರು. "ಮಾಲಿಂಗಪ್ಪ ಅಮರ್ ರಹೇ" ಎಂದು ಎಲ್ಲರೂ ಕೂಗಿದರು. ಅವಳೂ ಕೂಗಿದಳು. ಮಣ್ಣು ಮಾಡುವಲ್ಲಿಗೆ ಅವಳನ್ನು ಯಾರೂ ಕರೆದೊಯ್ಯಲಿಲ್ಲ. ಅಮರ ಎಂದರೆ ಸಾವಿಲ್ಲದವನು ಎಂದು ಮಾಸ್ತರರು ಪಾಠದಲ್ಲಿ ಹೇಳಿಕೊಟ್ಟಿದ್ದರು. ಹಾಗಾಗಿ ಅಣ್ಣ ತಿರುಗಿ ಬರುತ್ತಾನೆಂದೇ ಅವಳು ನಂಬಿದಳು. ಶಾಲೆ ಬಿಟ್ಟ ಮೇಲೆ ಕುರಿದೊಡ್ಡಿಯ ಕಲ್ಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಜೊತೆಯ ಹುಡುಗಿಯೊಬ್ಬಳು, "ನಿಮ್ಮಣ್ಣನ್ನ ಮಣ್ಣಾಗ ಇಟ್ಟಾರಲ್ಲ, ಎಲ್ಲಿಂದ ಬರತಾನ?" ಎಂದು ನಕ್ಕಳು. ಮನೆಯ ಹಿರಿಯರು ಯಾರೂ ಹೇಳದಿದ್ದದ್ದನ್ನು ಅವಳು ಹೀಗೆ, ಆಟದ ನಡುವೆ, ಕೇಳಿ ತಿಳಿಯಬೇಕಾಯಿತು.

ಮುಂದೆ ಅವಳು ಓದಿ ಟೀಚರಾದಳು, ಊರವರ ಬಾಯಲ್ಲಿ ಅಕ್ಕೋರು. ನಾಗನೂರಿನಿಂದ ಆಚೆ, ಕಬ್ಬಿನ ಹೊಲಗಳಲ್ಲೇ ಮನೆ ಕಟ್ಟಿಕೊಂಡವರ ಮಕ್ಕಳಿಗಾಗಿ ಇದ್ದ ಒಂದು ತೋಟದ ಶಾಲೆಯಲ್ಲಿ ಕೆಲಸ. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂಡುತ್ತಿದ್ದರು. ಮದುವೆಯ ಮಾತು ಒಂದೆರಡು ಸಲ ಬಂದು ಹೋಯಿತು. ಆಮೇಲೆ ಯಾರೂ ಆ ವಿಷಯ ಎತ್ತಲಿಲ್ಲ. ತಾಯಿ ಸತ್ತೆವ್ವನನ್ನು ಕರೆದುಕೊಂಡು ಘಟಪ್ರಭಾದಲ್ಲಿ ಬಾಡಿಗೆಗೆ ಇದ್ದಳು. ಸತ್ತೆವ್ವ ದಿನಾ ಬೆಳಿಗ್ಗೆ ಸೆರಗಿನಿಂದ ಮಗನ ಫೋಟೋ ಒರೆಸಿ ಒಲೆ ಹಚ್ಚುತ್ತಿದ್ದಳು. ಅವನ ಬಗ್ಗೆ ತಾಯಿ ಮಗಳು ಮಾತಾಡಿದ್ದೇ ಇಲ್ಲ.

ಒಂದು ವರ್ಷ ಬೇಸಿಗೆ ರಜೆಯಲ್ಲಿ ಗಡಿಯಲ್ಲಿ ಕೆಲವು ದಿನ ಗುಂಡು ಹಾರಿದವು, ಡ್ರೋನ್ ಹಾರಾಡಿದವು. ಮನೆಮನೆಯ ಟಿವಿಯಲ್ಲಿ ಸೈರನ್ನಿನ ಸದ್ದು. ಜೂನಿನಲ್ಲಿ ಶಾಲೆ ಶುರುವಾದಾಗ ಮಕ್ಕಳು ಹೊಸ ಆಟವೊಂದನ್ನು ಕಲಿತು ಬಂದಿದ್ದರು. ಜೋಳದ ದಂಟಿನ ಬಂದೂಕು, ರಟ್ಟಿನ ಡ್ರೋನು. ಸೈನಿಕರಾಗಲು ಎಲ್ಲರೂ ತಯಾರು, ವೈರಿಯಾಗಲು ಯಾರೂ ಒಲ್ಲರು. ಕೊನೆಗೆ ಕೂಲಿ ಸುಂದ್ರವ್ವನ ಮಗ ವಿಶಾಲನನ್ನು ವೈರಿ ಮಾಡಿದರು. ಎರಡನೇ ತರಗತಿಯ, ಸ್ವಲ್ಪ ತೊದಲುವ ಹುಡುಗ. ದಿನಾ ಅವನೇ ವೈರಿ. ಒಂದು ಮಧ್ಯಾಹ್ನ ಊಟ ಮುಗಿಸಿ ಆಡುವಾಗ ಯಾರೋ ಎಸೆದ ಕಲ್ಲು ಅವನ ಹಣೆ ಸೀಳಿತು. ನಾಗರತ್ನಾ ಅವನನ್ನು ಎತ್ತಿಕೊಂಡು ಹೆಡ್ಮಾಸ್ತರರ ಬೈಕಿನಲ್ಲಿ ಮೂಡಲಗಿಗೆ ಹೋಗಿ ಹೊಲಿಗೆ ಹಾಕಿಸಿದಳು. ಸೂಜಿ ಚುಚ್ಚುವಾಗ ಹುಡುಗ ಅಳಲಿಲ್ಲ. "ಟೀಚರ್, ನಾ ಸತ್ತಿದ್ದೆ. ಸತ್ತ ಮ್ಯಾಲೂ ಹೊಡದ್ರು" ಎಂದ.

ಮರುದಿನ ಅವಳು ಲೆಕ್ಕದ ಪಾಠ ಬದಿಗಿಟ್ಟು ಮಕ್ಕಳನ್ನು ಸುತ್ತ ಕೂರಿಸಿಕೊಂಡಳು.

"ನನಗೊಬ್ಬ ಅಣ್ಣ ಇದ್ದ. ಖರೆ ಯುದ್ಧಕ್ಕ ಹೋಗಿದ್ದ" ಎಂದು ಶುರು ಮಾಡಿದಳು. ಅವನು ಹೇಗಿದ್ದ, ಹೇಗೆ ನಗುತ್ತಿದ್ದ, ಹೇಗೆ ತಿರುಗಿ ಬರಲಿಲ್ಲ ಎಂದೆಲ್ಲ ಹೇಳಿದಳು.

"ಗುಂಡು ಹೊಡದಾಂವ ಕೆಟ್ಟಾಂವ ಏನ್ರಿ?" ಎಂದು ಒಬ್ಬ ಕೇಳಿದ.

"ಗೊತ್ತಿಲ್ಲಪಾ. ಅಂವಗೂ ನನ್ನಂಥಾ ಒಬ್ಬಾಕಿ ತಂಗಿ ಇದ್ದಿರಬೇಕು. ಆಕಿನೂ ಹಾದಿ ನೋಡಿರಬೇಕು."

ಮುಂದಿನ ಸಾಲಿನಲ್ಲಿ ಮಾಯಾ ಕೂತಿದ್ದಳು. ಏಳು ವರ್ಷದವಳು. ಅವಳಪ್ಪ ಉಮೇಶ ಗಡಿಯಲ್ಲಿ ಸೈನಿಕ. ಆ ಬೇಸಿಗೆಯಲ್ಲಿ ಅವನಿಗೆ ಸಿಕ್ಕಿದ್ದ ರಜೆ ರದ್ದಾಗಿತ್ತು. ಮಾಯಾ ಟೀಚರ ಮುಖವನ್ನೇ ನೋಡುತ್ತಿದ್ದಳು.

ಆ ದಿನದಿಂದ ಆಟ ನಿಂತಿತು. ಮಕ್ಕಳು ವಿಶಾಲನನ್ನು ನಡುವೆ ಕೂರಿಸಿಕೊಂಡು ಊಟ ಮಾಡತೊಡಗಿದರು. ನಾಗರತ್ನಾಳಿಗೆ ಒಳಗೊಳಗೇ ಸಮಾಧಾನವಾಯಿತು. ತಾನು ಸಣ್ಣವಳಿದ್ದಾಗ ಯಾರಾದರೂ ಹೀಗೆ ಕೂರಿಸಿಕೊಂಡು ಹೇಳಿದ್ದರೆ ಎಂದುಕೊಂಡಳು. ಸ್ವಾತಂತ್ರ್ಯ ದಿನದ ಪ್ರಭಾತಫೇರಿಗೆ ಏನಾದರೂ ಚಿತ್ರ ಬರೆದು ತನ್ನಿ, ನಿಮಗೆ ಅನಿಸಿದ್ದನ್ನು ಅದರ ಕೆಳಗೆ ಬರೆಯಿರಿ ಎಂದಳು. ಮಕ್ಕಳು ಬರೆದು ತಂದರು. "ಯುದ್ಧ ಬ್ಯಾಡ", "ಯಾರೂ ಸಾಯಬಾರದು", "ಎಲ್ಲಾರೂ ಮನಿಗೆ ಹೋಗ್ರಿ". ಮಾಯಾ ಹಸಿರು ಅಂಗಿ ತೊಟ್ಟ ಒಬ್ಬ ಮನುಷ್ಯನನ್ನು ಬರೆದು ಕೆಳಗೆ ಹೀಗೆ ಬರೆದಿದ್ದಳು: "ಅಪ್ಪ ಬಂದೂಕ ಕೆಳಗ ಇಡು. ಮನಿಗೆ ಬಾ."

ನಾಗರತ್ನಾ ಅದನ್ನು ಓದಿದಳು. ಒಂದು ಕ್ಷಣ ತಡೆದಳು. ಆಮೇಲೆ ಮಗು ಬರೆದದ್ದು, ಇರಲಿ ಎಂದು ಅದಕ್ಕೂ ಕೋಲು ಕಟ್ಟಿಕೊಟ್ಟಳು.

ಫೇರಿ ಕಾಲುವೆಯ ದಾರಿಯಲ್ಲಿ ಹೋಗುವಾಗ ಊರಿನ ಹುಡುಗನೊಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡಿದ. ಸಂಜೆಯ ಹೊತ್ತಿಗೆ ಅದು ಗೋಕಾಕ, ಮೂಡಲಗಿ ದಾಟಿ ಎಲ್ಲೆಲ್ಲೋ ಹೋಯಿತು. ಸಣ್ಣ ಮಕ್ಕಳ ತಲೆ ಕೆಡಿಸುವ ಟೀಚರ್ ಎಂದು ಯಾರೋ ಬರೆದರು, ದೇಶದ್ರೋಹಿ ಎಂದು ಇನ್ನೊಬ್ಬರು. ಅದು ಗಡಿಗೂ ಮುಟ್ಟಿತು. ಉಮೇಶನ ಜೊತೆಯವರು ಅವನ ಮಗಳ ಚಿತ್ರವನ್ನು ಅವನಿಗೇ ತೋರಿಸಿದರು. ಕೆಲವರು ನಕ್ಕರು, ಕೆಲವರು ಮುಖ ತಿರುಗಿಸಿದರು.

ಆ ವಾರ ಅವನು ಮನೆಗೆ ಫೋನ್ ಮಾಡಿದಾಗ ಮಾಯಾ ಕೇಳಿದಳು: "ಅಪ್ಪಾ, ನೀ ಯಾರನ್ನರ ಕೊಂದೀ ಏನು? ಅವರ ಮನ್ಯಾಗ ನನ್ನಂಥಾಕಿ ಅದಾಳೇನು?"

ಉಮೇಶ ಫೋನು ಕಟ್ ಮಾಡಿದ.

ಮರುದಿನ ಮಾಯಾಳ ತಾಯಿ ಕಾಜಲ್ ಶಾಲೆಗೆ ಬಂದಳು. ಜೊತೆಗೆ ಶಾಲಾ ಸಮಿತಿಯ ಅಧ್ಯಕ್ಷ ರಾಜಪ್ಪ ಮತ್ತು ಊರಿನ ಹತ್ತೆಂಟು ಜನ. ಹೆಡ್ಮಾಸ್ತರರ ಕೋಣೆಯಲ್ಲಿ ಜಾಗ ಸಾಲದೆ ಬೇವಿನ ಗಿಡದ ಕೆಳಗೆ ಕೂತರು.

ರಾಜಪ್ಪ ಕೂಗಾಡುವ ಮನುಷ್ಯನಲ್ಲ. "ನೀವು ಕೆಟ್ಟದ್ದು ಹೇಳೀರಿ ಅನ್ನಂಗಿಲ್ಲ ಅಕ್ಕೋರ. ಆದ್ರ ಈ ತೋಟದಾಗ ನಾಕೈದು ಮನಿ ಹುಡುಗೂರು ಮಿಲಿಟ್ರ್ಯಾಗ ಅದಾರ. ಅವರ ಮಕ್ಕಳ ಕೈಯಾಗ ಇಂಥಾ ಚಿತ್ರದ ಹಾಳಿ ಕೊಡೂದು ಸರಿ ಏನ್ರಿ?"

"ಆಟದಾಗ ಒಬ್ಬ ಹುಡುಗನ ಹಣಿ ಒಡದಾರಲ್ರಿ" ಎಂದಳು ನಾಗರತ್ನಾ. "ಯುದ್ಧ ಅವರಿಗೆ ಮೊದಲ ಗೊತ್ತೈತಿ. ಟಿವಿ ಕಲಸೇತಿ. ಅದರಾಗಿನ ನೋವು ಅಷ್ಟ ನಾ ಹೇಳೇನಿ."

"ನೋವು ಹೇಳಾಕ ನನ್ನ ಮಗಳ ಬೇಕಿತ್ತೇನ್ರಿ?" ಎಂದಳು ಕಾಜಲ್. "ಅಪ್ಪ ಊರು ಕಾಯಾಕ ಹೋಗ್ಯಾನ ಅಂತ ಹೇಳಿ ಮಲಗಸತಿದ್ದೆ. ಈಗ ಅಕಿ ಮಲಗವಲ್ಲಳು, ಉಣ್ಣವಲ್ಲಳು. ನಿಮ್ಮ ಪಾಠ ನಿಮ್ಮ ಸಾಲ್ಯಾಗ ಮುಗೀತತಿ ಅಕ್ಕೋರ. ನನ್ನ ಮನ್ಯಾಗ ಮುಗೀವಲ್ದು."

ಹಿಂದೆ ನಿಂತಿದ್ದ ಸುಂದ್ರವ್ವ ಮೆಲ್ಲಗೆ, "ನನ್ನ ಮಗ ಈಗ ಸಾಲಿಗೆ ಹೋಗಾಕ ಅಂಜೂದಿಲ್ರಿ" ಎಂದಳು. ಯಾರೂ ಅವಳ ಕಡೆ ತಿರುಗಲಿಲ್ಲ.

ಕೆಲವು ದಿನಗಳಲ್ಲಿ ನಾಗರತ್ನಾಳನ್ನು ಹುಕ್ಕೇರಿ ಕಡೆಯ ಒಂದು ಶಾಲೆಗೆ ನಿಯೋಜಿಸಿದ ಆದೇಶ ಬಂತು. ಹೊರಡುವ ದಿನ ಮಕ್ಕಳು ಗೇಟಿನವರೆಗೆ ಬಂದರು. ಮಾಯಾ ಅಂದು ಶಾಲೆಗೇ ಬಂದಿರಲಿಲ್ಲ.

ಮನೆಯಲ್ಲೂ ಅವಳಿಗೆ ನೆಮ್ಮದಿ ಇರಲಿಲ್ಲ. ಪಕ್ಕದ ಮನೆಯವರು ಸತ್ತೆವ್ವನಿಗೆ ಆ ವಿಡಿಯೋ ತೋರಿಸಿ, ಮಗಳು ಶಾಲೆಯಲ್ಲಿ ಹೇಳಿದ್ದನ್ನೂ ಹೇಳಿದ್ದರು. ಅದನ್ನು ಕೇಳಿದ ದಿನ ರಾತ್ರಿ ರೊಟ್ಟಿ ಬಡಿಯುತ್ತ ಸತ್ತೆವ್ವ ಕೇಳಿದಳು:

"ನಮ್ಮ ಮಾಲಿಂಗನ ಹೆಸರು ಹೇಳಿದ್ಯೇನು ಹುಡುಗೂರ ಮುಂದ?"

"ಹೇಳೀನಿ ಯವ್ವಾ."

"ಆ ಕಡಿಯವರಿಗೂ ತಂಗಿ ಅದಾಳ ಅಂದ್ಯಂತ. ಅಂದ್ರ ನನ್ನ ಮಗ ಯಾವಾಕಿದೋ ಅಣ್ಣನ್ನ ಕೊಂದಾನ ಅಂದಂಗ ಆತಲ್ಲ."

"ಹಂಗ ಅಂದಿಲ್ಲ ನಾನು."

"ಮತ್ತ ಹೆಂಗ ಅಂದಿ?" ಸತ್ತೆವ್ವ ಅಷ್ಟಕ್ಕೇ ನಿಲ್ಲಿಸಿದಳು. ಅಂದಿನಿಂದ ಮಗಳ ಜೊತೆ ಮಾತು ಬೇಕಾದಷ್ಟೇ. ಫೋಟೋ ಒರೆಸುವುದನ್ನು ಬಿಡಲಿಲ್ಲ. ಆದರೆ ಮೊದಲಿನಂತೆ ಅದರ ಮುಂದೆ ನಿಲ್ಲುತ್ತಿರಲಿಲ್ಲ. ಬೇಗ ಒರೆಸಿ ಸರಿಯುತ್ತಿದ್ದಳು.

ದೀಪಾವಳಿಗೆ ಉಮೇಶನಿಗೆ ರಜೆ ಸಿಕ್ಕಿತು. ಬಂದ ಕೆಲವು ದಿನಕ್ಕೆ ಅವನು ಟೀಚರ ಮನೆ ಹುಡುಕಿಕೊಂಡು ಘಟಪ್ರಭಾಕ್ಕೆ ಬಂದ. ಬಾಗಿಲಲ್ಲಿ ಅವನನ್ನು ಕಂಡ ನಾಗರತ್ನಾ ಬೈಗುಳಕ್ಕೆ ಸಿದ್ಧಳಾದಳು. ಅವನು ಬೈಯಲಿಲ್ಲ. ಚಾಪೆಯ ಅಂಚಿನಲ್ಲಿ ಕೂತು, ಸತ್ತೆವ್ವ ತಂದ ನೀರು ಕುಡಿದು, ಚೊಂಬನ್ನು ಕೈಯಲ್ಲೇ ಹಿಡಿದುಕೊಂಡ.

"ನನ್ನ ಮಗಳು ನನ್ನ ಕೈಯಾಗಿನ ತುತ್ತು ತಿನ್ನವಲ್ಲಳ್ರಿ. ನಾ ಕೊಟ್ರ ಬಾಯಿ ಮುಚ್ಚಿಕೊಂತಾಳ. ಅವರವ್ವ ಕೊಟ್ರ ತಿಂತಾಳ."

ನಾಗರತ್ನಾ ತಲೆ ತಗ್ಗಿಸಿದಳು.

"ಯಾರನ್ನೂ ಕೊಂದಿಲ್ಲ ಅಂತ ಹೇಳೇನ್ರಿ ಅಕಿಗೆ. ಆದ್ರ ಖರೆ ಹೇಳಬೇಕಂದ್ರ ನನಗ ಗೊತ್ತಿಲ್ಲ. ಕತ್ತಲದಾಗ ಎಲ್ಲಾರೂ ಹೊಡೀತಿರತೇವಿ. ಯಾರ ಗುಂಡು ಯಾರಿಗೆ ತಾಕೇತಿ ಅಂತ ಹೆಂಗ ತಿಳೀಬೇಕ್ರಿ? ಅಕಿ ಕೇಳೂತನಕ ನಾನೂ ಕೇಳಿಕೊಂಡಿರಲಿಲ್ಲ."

"ನಾ ಹೇಳಬಾರದಿತ್ತೇನ್ರಿ?" ಎಂದಳು ನಾಗರತ್ನಾ.

"ನೀವು ಹೇಳಿದ್ದು ಸುಳ್ಳಲ್ರಿ. ಆದ್ರ ಅಕಿಗೆ ಏಳು ವರ್ಷ. ಇನ್ನ ಸ್ವಲ್ಪ ತಡದಿದ್ರ..." ಅವನು ಚೊಂಬನ್ನು ಕೆಳಗಿಟ್ಟ.

ಒಳಬಾಗಿಲಿಗೆ ಒರಗಿ ನಿಂತಿದ್ದ ಸತ್ತೆವ್ವ ಮುಂದೆ ಬಂದು ಅವನೆದುರು ಕೂತಳು. "ತಮ್ಮಾ, ನನ್ನ ಮಗನೂ ಹಿಂಗ ಯೋಚನಿ ಮಾಡಿರತಾನೇನೋ?"

ಉಮೇಶ ಗೋಡೆಯ ಫೋಟೋ ನೋಡಿದ. "ಮಾಡಿರತಾನ ಯವ್ವಾ. ಎಲ್ಲಾರೂ ಮಾಡತಾರ. ಯಾರೂ ಬಾಯಿ ಬಿಟ್ಟು ಹೇಳೂದಿಲ್ಲ ಅಷ್ಟ."

ಸತ್ತೆವ್ವ ಎದ್ದುಹೋಗಿ ರೊಟ್ಟಿ, ಪಲ್ಯ ತಂದು ಅವನ ಮುಂದಿಟ್ಟಳು. ಅವನು ತಿನ್ನುವಷ್ಟು ಹೊತ್ತೂ ಅವನ ಕೈಯನ್ನೇ ನೋಡುತ್ತಿದ್ದಳು.

ಭಾನುವಾರ ನಾಗರತ್ನಾ ಅವನ ಮನೆಗೆ ಹೋದಳು. ಕಾಜಲ್ ಬೇಡ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ. ಮಾಯಾ ಕಟ್ಟೆಯ ಮೇಲೆ ಕೂತಿದ್ದಳು. ಸಣಕಲಾಗಿದ್ದಳು. ಅವಳಪ್ಪ ಸ್ವಲ್ಪ ದೂರದಲ್ಲಿ ಕಂಬಕ್ಕೆ ಒರಗಿ ನಿಂತ.

"ಮಾಯಾ, ನಿಮ್ಮಪ್ಪ ಕೆಟ್ಟಾಂವ ಅಂತ ನಾ ಹೇಳಿಲ್ಲಲ್ಲ?"

ಮಾಯಾ ಇಲ್ಲ ಎನ್ನುವಂತೆ ತಲೆಯಾಡಿಸಿದಳು. ಆಮೇಲೆ ಕೇಳಿದಳು: "ಅಪ್ಪ ಮತ್ತ ಹೋಗತಾನೇನ್ರಿ ಟೀಚರ್?"

"ಹೋಗತಾನ."

"ಮತ್ತ ಬಂದೂಕ ಹಿಡೀತಾನೇನ್ರಿ?"

ಇಲ್ಲ ಎಂದರೆ ಸುಳ್ಳಾಗುತ್ತಿತ್ತು. "ಹಿಡೀತಾನ. ಅದನ್ನ ಹಿಡಿಯೂದು ಅಂವಗ ಸಂತೋಷ ಅಲ್ಲ ಮಾಯಾ. ಅದನ್ನ ನಾ ಅವತ್ತ ಹೇಳಬೇಕಿತ್ತು. ಹೇಳಲಿಲ್ಲ."

ಮಾಯಾ ಅಪ್ಪನ ಕಡೆ ನೋಡಿದಳು. ಉಮೇಶ ಹೂಂ ಎನ್ನುವಂತೆ ತಲೆಯಾಡಿಸಿದ. ಮಗು ಎದ್ದು ಹೋಗಿ ಅವನನ್ನು ಅಪ್ಪಿಕೊಳ್ಳಲಿಲ್ಲ. ಕೂತಲ್ಲೇ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು. ಅವನು ಬಂದು ಅಲ್ಲಿ ಕೂತ.

ರಜೆ ಮುಗಿಸಿ ಅವನು ಹೊರಟಾಗ ಮಾಯಾ ಘಟಪ್ರಭಾ ಸ್ಟೇಷನ್ನಿನವರೆಗೆ ಹೋಗಿದ್ದಳಂತೆ. ರೈಲು ಹೋದ ಮೇಲೆ ಕಾಜಲ್ ಫೋನ್ ಮಾಡಿ ತಿಳಿಸಿದಳು. "ಅಳಲಿಲ್ಲ ಅಕ್ಕೋರ. ಕೈನೂ ಬೀಸಲಿಲ್ಲ. ಮನಿಗೆ ಬಂದು ಒಂದ ಮಾತು ಕೇಳಿದ್ಳು, ಅಪ್ಪಗ ತುತ್ತು ಯಾರು ಕೊಡತಾರ ಅಲ್ಲೆ ಅಂತ." ಅಷ್ಟು ಹೇಳಿ ಅವಳೇ ಅತ್ತಳು. ನಾಗರತ್ನಾ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತ ಕೂತಳು.

ವಿಶಾಲ ಶಾಲೆ ಬಿಟ್ಟ. ಸುಂದ್ರವ್ವ ಕಬ್ಬು ಕಡಿಯುವ ಗುಂಪಿನ ಜೊತೆ ಬೇರೆ ಕಡೆ ಹೋಗುವಾಗ ಅವನನ್ನೂ ಕರೆದುಕೊಂಡು ಹೋದಳು. ತೋಟದ ಶಾಲೆಯಲ್ಲಿ ಆ ಆಟ ಮತ್ತೆ ಶುರುವಾಗಿದೆ, ಈಗ ಬೇರೆ ಹುಡುಗ ವೈರಿ ಎಂದು ಹೆಡ್ಮಾಸ್ತರರು ಒಮ್ಮೆ ಬಸ್ಸಿನಲ್ಲಿ ಸಿಕ್ಕಾಗ ಹೇಳಿದರು.

ಹುಕ್ಕೇರಿಯ ಶಾಲೆಯಲ್ಲಿ ನಾಗರತ್ನಾ ಚೆನ್ನಾಗಿಯೇ ಕಲಿಸುತ್ತಾಳೆ. ಅಕ್ಷರ ತಿದ್ದಿಸುತ್ತಾಳೆ, ಮಗ್ಗಿ ಹೇಳಿಸುತ್ತಾಳೆ. ಒಂದು ದಿನ ಎರಡನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಯುದ್ಧದಾಗ ಸತ್ತವರು ಎಲ್ಲಿ ಹೋಗತಾರ್ರಿ?" ಎಂದು ಕೇಳಿದಳು.

ನಾಗರತ್ನಾ ಅವಳ ಮುಖ ನೋಡಿದಳು. ಉತ್ತರ ಅವಳ ಬಾಯಿಗೆ ಬಂದಿತ್ತು.

"ಪುಸ್ತಕ ತಗೀರಿ" ಎಂದಳು.

ಹುಡುಗಿ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಕೂತು ಪುಸ್ತಕ ತೆಗೆದಳು.