ಬಾನೆಟ್ಟಿನ ಮೇಲಿನ ರಕ್ತದ ಪೆಟ್ಟಿಗೆ

ಕಂಡಕ್ಟರ್ ಜವರಪ್ಪ ಶೋಭಿತಾಳನ್ನು ಮೊದಲು ನೋಡಿದ್ದು ಒಂದು ಬೇಸಿಗೆಯ ಬೆಳಿಗ್ಗೆ, ಶ್ರೀಮಂಗಲದ ಲ್ಯಾಬಿನ ಮುಂದೆ. ಅವಳು ಸ್ಕೂಟರಿನ ಹಿಂದೆ ನೀಲಿ ಬಣ್ಣದ ಗಟ್ಟಿ ಪೆಟ್ಟಿಗೆಯೊಂದನ್ನು ಕಟ್ಟಿಕೊಂಡು ಬಂದಿದ್ದಳು. ವಯಸ್ಸು ಮೂವತ್ತರ ಸುಮಾರು. ಅವಳು ನಕ್ಕು ನಮಸ್ಕಾರ ಹೇಳಿದಳು. ಜವರಪ್ಪ ಪೆಟ್ಟಿಗೆಯನ್ನೇ ನೋಡಿದ. ಅದಕ್ಕೆ ಭದ್ರವಾದ ಕೊಂಡಿಯಿತ್ತು, ಪಕ್ಕದಲ್ಲಿ ಒಳಗಿನ ತಂಪನ್ನು ತೋರಿಸುವ ಪುಟ್ಟ ಗಾಜಿತ್ತು. ತನ್ನ ಪೆಟ್ಟಿಗೆ ಇಷ್ಟು ಚೆಂದವಿಲ್ಲ ಎಂದು ತಿಳಿದ ಗಳಿಗೆಯಲ್ಲೇ ಅವನ ಹೊಟ್ಟೆಯಲ್ಲಿ ಉರಿ ಹತ್ತಿಕೊಂಡಿತು.

ಜವರಪ್ಪನ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ಬೇಸಾಯಕ್ಕೆ ನಿಂತವರು. ಇವನೊಬ್ಬ ಬಸ್ಸಿನ ಕೆಲಸ ಹಿಡಿದು, ಶ್ರೀಮಂಗಲದಿಂದ ಮಡಿಕೇರಿಗೆ ಓಡುವ ಖಾಸಗಿ ಬಸ್ಸಿನಲ್ಲೇ ತಲೆ ನರೆಸಿಕೊಂಡಿದ್ದ. ಜನ ಅವನನ್ನು ನಂಬಿ ಏನೆಲ್ಲ ಕೊಡುತ್ತಿದ್ದರು: ಪತ್ರಿಕೆಯ ಕಟ್ಟು, ಮದುವೆಯ ಹೂವು, ಮಗಳಿಗೆ ತಾಯಿ ಕಳಿಸುವ ಕಡುಬಿನ ಡಬ್ಬಿ. ಎಲ್ಲಕ್ಕಿಂತ ಮೇಲಿನದು ಲ್ಯಾಬಿನ ಸರ್ವಮಂಗಳ ಐಸು ತುಂಬಿ ಕೊಡುತ್ತಿದ್ದ ಥರ್ಮೊಕೋಲ್ ಪೆಟ್ಟಿಗೆ. ಅವರ ಲ್ಯಾಬು ಚಿಕ್ಕದು. ದೊಡ್ಡ ಪರೀಕ್ಷೆಗಳಿಗೆ ರಕ್ತವನ್ನು ಮಡಿಕೇರಿಯ ಲ್ಯಾಬಿಗೆ ಕಳಿಸಬೇಕಿತ್ತು.

ಆ ಪೆಟ್ಟಿಗೆಯನ್ನು ಜವರಪ್ಪ ಎರಡೂ ಕೈಗಳಲ್ಲಿ ಇಸಿದುಕೊಂಡು ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಇಡುತ್ತಿದ್ದ. ಬಸ್ಸಿನಲ್ಲಿ ಅದಕ್ಕಿಂತ ಮರ್ಯಾದೆಯ ಜಾಗವಿಲ್ಲ. ಅಲ್ಲಿ ಯಾರ ಕಾಲೂ ತಗಲುವುದಿಲ್ಲ, ಡ್ರೈವರ್ ಮೊಣ್ಣಪ್ಪನ ಕಣ್ಣೂ ತಪ್ಪುವುದಿಲ್ಲ. ಯಾರಾದರೂ ಪಕ್ಕದಲ್ಲಿ ಚೀಲ ಇಡಲು ಬಂದರೆ, ಅದರಲ್ಲಿರುವುದು ಮನುಷ್ಯರ ಜೀವ ಎಂದು ಗದರಿಸುತ್ತಿದ್ದ. ದಾರಿಯ ಹೋಟೆಲುಗಳಲ್ಲಿ ಅವನಿಗೆ ಕೇಳುವ ಮೊದಲೇ ಚಹಾ ಬರುತ್ತಿತ್ತು. ಈ ಪೆಟ್ಟಿಗೆಯೊಂದು ಇಲ್ಲದಿದ್ದರೆ ತಾನು ಬರಿಯ ಟಿಕೆಟ್ ಹರಿಯುವವನು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಆ ವರ್ಷ ಮಡಿಕೇರಿಯವರು ಶ್ರೀಮಂಗಲದ ರಕ್ತವನ್ನು ಮೇಲಿಂದ ಮೇಲೆ ತಿರಸ್ಕರಿಸತೊಡಗಿದರು. ಕೆಟ್ಟು ಬರುತ್ತಿದೆ, ತರಬೇತಿ ಪಡೆದವರ ಕೈಯಲ್ಲಿ ಕಳಿಸಿ ಎಂದರು. ಹಾಗಾಗಿ ಸರ್ವಮಂಗಳ ಶೋಭಿತಾಳನ್ನು ಕರೆಸಿದ್ದರು. ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ, ಮಾದರಿಗಳನ್ನು ಸಾಗಿಸುವ ತರಬೇತಿ ಮುಗಿಸಿ ಬಂದವಳು ಅವಳು. ಆದರೂ ಹಳೆಯ ಮನುಷ್ಯನನ್ನು ಒಮ್ಮೆಲೇ ಕೈಬಿಡಲು ಅವರಿಗೆ ಮನಸ್ಸು ಬಾರದೆ, ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ ಒಂದೇ ಪ್ರಶ್ನೆ ಕೇಳಿದರು.

"ದಾರಿಯಲ್ಲಿ ಪೆಟ್ಟಿಗೆ ಉರುಳಿ ಒಳಗೆ ಸೀಸೆ ಒಡೆದರೆ ಏನು ಮಾಡ್ತೀರಿ?"

"ನನ್ ಕೈಲಿ ಯಾಕ್ ಉರುಳ್ತದೆ ಮೇಡಂ?" ಎಂದ ಜವರಪ್ಪ.

ಶೋಭಿತಾ ಗಾಡಿ ನಿಲ್ಲಿಸುವುದು, ಕೈಗವಸು ಹಾಕುವುದು, ಚೆಲ್ಲಿದ್ದನ್ನು ಹೀರುವ ಬಟ್ಟೆ ಹಾಸುವುದು, ಎರಡೂ ಲ್ಯಾಬಿಗೆ ಫೋನು ಮಾಡುವುದು ಎಂದು ಒಂದೊಂದಾಗಿ ಹೇಳಿದಳು. ಸರ್ವಮಂಗಳ ತಲೆದೂಗುತ್ತಿದ್ದುದನ್ನು ಕಂಡು ಜವರಪ್ಪನಿಗೆ ತಡೆಯಲಾಗಲಿಲ್ಲ. ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿದ.

"ನನ್ ರಕ್ತನೇ ತಗೊಳ್ಳಿ. ಒಂದು ನನ್ ಕೈಲಿ, ಒಂದು ಈವಮ್ಮನ ಕೈಲಿ. ಯಾರದ್ದು ನೆಟ್ಟಗೆ ಹೋಯ್ತದೆ ನೋಡಾಣ."

ಸರ್ವಮಂಗಳ ಒಪ್ಪಿದರು. ಒಂದೇ ತೋಳಿನಿಂದ ಎರಡು ಸೀಸೆ ರಕ್ತ ತೆಗೆದು, ಒಂದೊಂದನ್ನು ಒಬ್ಬೊಬ್ಬರಿಗೆ ಕೊಟ್ಟರು. ಜವರಪ್ಪ ತನ್ನದನ್ನು ಎಂದಿನ ಜಾಗದಲ್ಲೇ ಇಟ್ಟ. ಅಂದು ಮೇಲೊಂದು ದಪ್ಪ ಟವೆಲನ್ನೂ ಹೊದಿಸಿದ. ವಿರಾಜಪೇಟೆ ದಾಟಿದ ಮೇಲೆ, ರಸ್ತೆಯ ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಿ ಪೆಟ್ಟಿಗೆಯ ಗಾಜನ್ನು ನೋಡುತ್ತಿದ್ದ ಶೋಭಿತಾ ಕಣ್ಣಿಗೆ ಬಿದ್ದಳು. ಗಾಡಿ ಕೆಟ್ಟಿರಬೇಕೆಂದು ಅವನ ಎದೆ ಹಿಗ್ಗಿತು. ಮಡಿಕೇರಿಯಲ್ಲಿ ಅವಳಿಗಿಂತ ಮೊದಲೇ ಪೆಟ್ಟಿಗೆ ಮುಟ್ಟಿಸಿ, ಬಸ್ ನಿಲ್ದಾಣದಲ್ಲಿ ಮೊಣ್ಣಪ್ಪನಿಗೆ ತಾನೇ ವಡೆ ಕೊಡಿಸಿದ.

ವಾಪಸಾಗುವಾಗ ಮೂರ್ನಾಡಿನಲ್ಲಿ ಬಸ್ಸು ನಿಂತಿತ್ತು. ಫೋನು ಬಂತು. ಸರ್ವಮಂಗಳ.

"ಜವರಪ್ಪ, ಎಲ್ಲಿದ್ದೀರಿ? ಎದೆ ನೋವು, ಸುಸ್ತು ಏನಾದ್ರೂ ಉಂಟಾ?"

"ಮೂರ್ನಾಡಲ್ಲಿ ಟೀ ಕುಡೀತಾ ಇದ್ದೀನಿ. ಯಾಕ್ ಮೇಡಂ?"

ಅವನ ಕೈಯಲ್ಲಿ ಹೋದ ರಕ್ತ ಪೂರ್ತಿ ಕೆಟ್ಟಿತ್ತು. ಅದರಲ್ಲಿ ಪೊಟ್ಯಾಸಿಯಂ ಲೆಕ್ಕ ಮಿತಿಮೀರಿ ಏರಿದ್ದನ್ನು ಕಂಡು, ಈ ಮನುಷ್ಯನನ್ನು ಕೂಡಲೇ ಆಸ್ಪತ್ರೆಗೆ ಸೇರಿಸಿ ಎಂದು ಮಡಿಕೇರಿಯವರು ಗಾಬರಿಯಿಂದ ಹೇಳಿದ್ದರು. ಆಮೇಲೆ ಶೋಭಿತಾ ತಂದ ಸೀಸೆ ನೋಡಿದರೆ, ಅದೇ ಮನುಷ್ಯ ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದ.

ಮೊಣ್ಣಪ್ಪ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. "ನಿನ್ನ ಬಾನೆಟ್ಟು ನಿನ್ನನ್ನೇ ಬೇಯಿಸಿತಲ್ಲ ಮಾರಾಯ."

ಜವರಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಎಂಜಿನ್ನಿನ ಕಾವು ದಪ್ಪ ಹೊದಿಕೆಯನ್ನೂ ದಾಟಿ ಮೇಲೆ ಬರುತ್ತಿತ್ತು. ಚಳಿಗಾಲದಲ್ಲಿ ಅವನೇ ಅಲ್ಲಿ ಕೈ ಕಾಯಿಸಿಕೊಂಡವನು. ಒಳಗಿನ ಐಸಿಗೆ ಏನಾದೀತೆಂದು ಒಂದು ದಿನವೂ ಯೋಚಿಸಿರಲಿಲ್ಲ. ಆಗ ಅವನಿಗೆ ಎಸ್ಟೇಟಿನ ಕೂಲಿ ಲೈನುಮನೆಯ ರಾಮಮ್ಮನ ನೆನಪಾಯಿತು. ನರ ಸಿಕ್ಕದ ಮುದುಕಿ. ಒಂದೇ ಪರೀಕ್ಷೆಗೆ ಮೂರು ಸಲ ಸೂಜಿ ಚುಚ್ಚಿಸಿಕೊಂಡು ತೋಳೆಲ್ಲ ನೀಲಿಯಾಗಿತ್ತು. ಮಡಿಕೇರಿಯವರೇ ಸೀಸೆ ಕಳೆದುಹಾಕುತ್ತಾರೆ ಕಣವ್ವ ಎಂದು ಅವಳಿಗೆ ಸಮಾಧಾನ ಹೇಳಿದವನು ಅವನೇ.

ಮರುದಿನ ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳಿದ, "ಪೆಟ್ಟಿಗೆ ಇನ್ನು ಅವಳಿಗೇನಾ?"

"ಹೌದು ಜವರಪ್ಪ."

"ನಾನು ತೊಡೆ ಮೇಲೆ ಇಟ್ಕೊಂಡ್ ಕೂತ್ರೆ?"

"ಟಿಕೆಟ್ ಯಾರು ಕೊಡ್ತಾರೆ?" ಎಂದು ಸರ್ವಮಂಗಳ ಮೆಲ್ಲಗೆ ಕೇಳಿದರು. ತರಬೇತಿಗೆ ನೀವೂ ಹೋಗಿ ಬನ್ನಿ, ಏರ್ಪಾಡು ಮಾಡುತ್ತೇನೆ ಎಂದರು. ಅವಳು ಕೂತೆದ್ದ ಬೆಂಚಿನಲ್ಲಿ ತಾನು ಕೂರುವುದಿಲ್ಲ ಎಂದು ಜವರಪ್ಪ ಬಸ್ಸು ಹತ್ತಿದ.

ಉರಿ ಆರಲಿಲ್ಲ. ಸ್ಕೂಟರ್ ಹಿಂದಿನಿಂದ ಹಾರ್ನ್ ಮಾಡಿದರೆ ದಾರಿ ಬಿಡಬೇಡ ಎಂದು ಮೊಣ್ಣಪ್ಪನಿಗೆ ಹೇಳುತ್ತಿದ್ದ, ಮೊಣ್ಣಪ್ಪ ಕೇಳುತ್ತಿರಲಿಲ್ಲ. ಅವಳ ಕೈಯಲ್ಲಿ ಒಂದಾದರೂ ಕೆಟ್ಟಿತೇ ಎಂದು ಲ್ಯಾಬಿನಲ್ಲಿ ವಿಚಾರಿಸುತ್ತಿದ್ದ. ಇಲ್ಲವೆಂದರೆ ಬೇಸರ. ರಾಮಮ್ಮನಿಗೆ ಈ ಸಲ ಒಂದೇ ಸೂಜಿಗೆ ಮುಗಿಯಿತೆಂದು ಕೇಳಿದ ದಿನ ಮಾತ್ರ ಬೇಸರವೂ ಬರಲಿಲ್ಲ, ಸಂತೋಷವನ್ನು ಒಪ್ಪಿಕೊಳ್ಳಲೂ ಆಗಲಿಲ್ಲ.

ಈಗ ಮಳೆಗಾಲ. ಗಾಳಿಮಳೆ ಜೋರಾದ ದಿನ ಸ್ಕೂಟರ್ ಬಿಟ್ಟು ಶೋಭಿತಾ ಬಸ್ಸಿಗೇ ಬರುತ್ತಾಳೆ. ಜವರಪ್ಪ ಅವಳಿಗೊಂದು ಟಿಕೆಟ್ ಹರಿಯುತ್ತಾನೆ, ಪೆಟ್ಟಿಗೆಗೆ ಬೇರೆಯಾಗಿ ಲಗೇಜು ಚಾರ್ಜು ಹಾಕುತ್ತಾನೆ. ಬೇರೆ ಯಾರ ಪೆಟ್ಟಿಗೆಗೂ ಅವನು ಅಷ್ಟು ಕಟ್ಟುನಿಟ್ಟಾಗಿ ಲಗೇಜು ಹಾಕಿದವನಲ್ಲ. ಹಾಕಿದ ಮೇಲೆ, ಬಸ್ಸಿನ ನಡುವಿನ ಸೀಟಿನಲ್ಲಿ ಕೂತವರನ್ನು ಎಬ್ಬಿಸಿ ಅವಳನ್ನು ಕೂರಿಸುತ್ತಾನೆ. ನಿಂತವರು ಮೇಲೆ ವಾಲದಂತೆ ಕಂಬಿ ಹಿಡಿದು ಅಲ್ಲೇ ಅಡ್ಡ ನಿಲ್ಲುತ್ತಾನೆ. ಮಡಿಕೇರಿಯಲ್ಲಿ ಇಳಿಯುವಾಗ ಅವಳು, "ಬರ್ತೇನೆ ಅಣ್ಣ" ಎಂದರೆ, ಕೇಳಿಸದವನಂತೆ ಚಿಲ್ಲರೆ ಎಣಿಸುತ್ತಿರುತ್ತಾನೆ.